ಬಚ್ಚಲಮನೆ ಉಳಿದ ಬಗೆ

ಮೊನ್ನೆ ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ನನ್ನ ಕೈಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು. ಸಮವಸ್ತ್ರದ ಹುಡುಗಿಯೊಬ್ಬಳು ಒಳಗೆ ಕೈ ಹಾಕಿ ಒಂದೊಂದನ್ನೇ ಹೊರಗೆ ತೆಗೆದಳು. ಕನ್ನಡಕದ ಡಬ್ಬಿ, ಹುರಿಗಡಲೆಯ ಪೊಟ್ಟಣ, ತಲೆನೋವಿನ ಮುಲಾಮು, ಕೊನೆಗೆ ಬಿಳಿಯ ಸಣ್ಣದೊಂದು ಸುರುಳಿ. ಗಾಯಕ್ಕೆ ಹಾಕುವ ಪಟ್ಟಿ ಎಂದುಕೊಂಡು ತುದಿ ಎಳೆದು ನೋಡಿದಳು. ಅದು ಕೈಗೆ ಅಂಟಲೂ ಇಲ್ಲ, ಹರಿಯಲೂ ಇಲ್ಲ, ಸುಮ್ಮನೆ ಉದ್ದವಾಗುತ್ತ ಹೋಯಿತು. ಇದೇನು ಆಂಟಿ ಎಂದಳು. ನಲ್ಲಿಯ ತಿರುಪಿಗೆ ಸುತ್ತುವ ಟೆಫ್ಲಾನ್ ಟೇಪು ಎಂದೆ. ಅವಳ ಮುಖದ ಬಿಗಿ ಸಡಿಲಾಯಿತು. ತನ್ನ ಬಾಡಿಗೆ ಕೋಣೆಯ ನಲ್ಲಿ ತುಂಬ ದಿನದಿಂದ ತೊಟ್ಟಿಕ್ಕುತ್ತಿದೆ, ಇದನ್ನು ಸುತ್ತಿದರೆ ನಿಲ್ಲುತ್ತದೆಯೇ ಎಂದು ಕೇಳಿದಳು. ತೊಟ್ಟಿಕ್ಕುವುದು ಬಾಯಿಂದಲೋ ಬುಡದಿಂದಲೋ ಎಂದು ನಾನು ವಿಚಾರಿಸಿದೆ. ಬುಡದಿಂದಾದರೆ ಟೇಪು, ಬಾಯಿಂದಾದರೆ ವಾಷರು ಎಂದು ಪಾಠ ಶುರುಮಾಡುವಷ್ಟರಲ್ಲಿ ಹಿಂದಿನ ಸಾಲಿನವರು ಗೊಣಗತೊಡಗಿದರು.

ರೈಲಿನಲ್ಲಿ ಕೂತ ಮೇಲೆ ನನಗೇ ನಗು ಬಂತು. ನಲ್ಲಿಯ ವಿಷಯದಲ್ಲಿ ನಾನು ಇನ್ನೊಬ್ಬರಿಗೆ ಬುದ್ಧಿ ಹೇಳುವುದೆಂದರೆ ಏನು ಕಾಲ ಬಂತಪ್ಪ! ನಿಮಗೆ ನನ್ನ ಪೂರ್ವಚರಿತ್ರೆ ಗೊತ್ತಿಲ್ಲದ್ದರಿಂದ ಇದರ ತಮಾಷೆ ತಿಳಿಯುವುದಿಲ್ಲ. ಹೇಳುತ್ತೇನೆ.

ನಾನು ಹುಟ್ಟಿದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮದುವೆಯಾಗಿ ಬಂದದ್ದು ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿಗೆ. ಅಂದರೆ ತಲೆ ನರೆಯುವವರೆಗೂ ನಾನು ವಾಸವಾಗಿದ್ದದ್ದು ಸರ್ಕಾರದ ಗೋಡೆಗಳ ನಡುವೆ. ಆ ಗೋಡೆಗಳ ಮೇಲೆ ನಮ್ಮ ಅಪ್ಪನಿಗೆ ವಿಪರೀತ ಗೌರವ. ಮೊಳೆ ಹೊಡೆಯುವುದೆಂದರೆ ಅವರ ಪಾಲಿಗೆ ಹಸುವಿಗೆ ಹೊಡೆದಷ್ಟೇ ಪಾಪ. ನಮಗಿಂತ ಮುಂಚೆ ಇದ್ದ ಯಾರೋ ಪುಣ್ಯಾತ್ಮರು ನಡುಮನೆಯಲ್ಲಿ ಒಂದು ಮೊಳೆ ಬಿಟ್ಟುಹೋಗಿದ್ದರು. ಅಪ್ಪನ ಕೊಡೆ, ಅಜ್ಜಿಯ ಜಪಮಣಿ ಚೀಲ, ಪಂಚಾಂಗ, ನನ್ನ ಪಾಟಿಚೀಲ ಎಲ್ಲ ಅದೊಂದಕ್ಕೇ ನೇತಾಡುತ್ತಿದ್ದವು. ಪಂಚಾಂಗ ಬೇಕಾದರೆ ಮೊದಲು ಕೊಡೆ ಇಳಿಸಬೇಕು, ಕೊಡೆ ಇಳಿಸಬೇಕಾದರೆ ಅಜ್ಜಿ ಎಚ್ಚರವಾಗಿರಬೇಕು. ಮಡಿ ಚೀಲವನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಅಪ್ಪನಿಗೆ ಗೊತ್ತಿದ್ದ ರಿಪೇರಿ ಒಂದೇ. ನಲ್ಲಿ ಸೋರಿದರೆ ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ದುಂಡಗೆ ಒಂದು ಚೂರು ಕತ್ತರಿಸಿ ಒಳಗೆ ಕೂರಿಸುವುದು. ನಮ್ಮ ಮನೆಯ ಚಪ್ಪಲಿಗಳಿಗೆಲ್ಲ ಹಿಂದೆ ದುಂಡನೆಯ ತೂತು ಇರುತ್ತಿತ್ತು. ಮಳೆಗಾಲದಲ್ಲಿ ನಾವು ನಡೆದುಹೋದ ದಾರಿ ಎಲ್ಲರಿಗೂ ಗೊತ್ತಾಗುತ್ತಿತ್ತು.

ಅಮ್ಮನಿಗೆ ಮಾತ್ರ ಆ ಮನೆಯಲ್ಲಿ ತನ್ನದು ಅನ್ನಿಸುತ್ತಿದ್ದದ್ದು ಹೊಸ್ತಿಲು. ಕಲ್ಲಿನ ಹೊಸ್ತಿಲು, ಮುಂದೆ ಎರಡು ಮೆಟ್ಟಿಲು, ಪಕ್ಕದಲ್ಲಿ ದಾಸವಾಳದ ಗಿಡ. ಶುಕ್ರವಾರ ಬೆಳಿಗ್ಗೆ ಬಿಂದಿಗೆಯಲ್ಲಿ ನೀರು ತಂದು ಧಾರಾಳವಾಗಿ ಸುರಿದು ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಅರಿಶಿನ ಸವರಿ, ರಂಗೋಲಿ ಎಳೆ ಬಿಟ್ಟು, ಹೂವಿಡುತ್ತಿದ್ದಳು. ಹಿಂದಿನ ವಾರದ ಅರಿಶಿನವೆಲ್ಲ ಕರಗಿ ಆ ನೀರು ಹಳದಿಯಾಗಿ ಮೆಟ್ಟಿಲಿಳಿದು ದಾಸವಾಳದ ಪಾತಿಗೆ ಸೇರುತ್ತಿತ್ತು. ಅದು ಸೇರುವವರೆಗೂ ಅವಳು ಕಡ್ಡಿಯಲ್ಲಿ ದಾರಿ ಮಾಡಿಕೊಡುತ್ತ ನಿಂತಿರುತ್ತಿದ್ದಳು. "ಹೊಸ್ತಿಲು ತೊಳೆದ ನೀರನ್ನ ಯಾರೂ ತುಳೀಬಾರದು ಕಣೆ, ಗಿಡಕ್ಕೆ ಹೋಗ್ಬೇಕು" ಅನ್ನುತ್ತಿದ್ದಳು. ಆ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅರ್ಧ ಮಾತ್ರ ತಲೆಗೆ ಹೋಗಿತ್ತು ಎಂದು ಈಚೆಗೆ ಗೊತ್ತಾಯಿತು.

ಆರ್.ಕೆ.ಪುರಂನಲ್ಲೂ ನಮಗೆ ಸಿಕ್ಕಿದ್ದು ನೆಲಮಹಡಿಯ ಮನೆ. ನಮ್ಮವರು ಕೇಂದ್ರ ಸಚಿವಾಲಯದಲ್ಲಿ ಅಧಿಕಾರಿ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಹತ್ತದಿದ್ದರೆ ಇನ್‌ಕ್ವಾಯರಿಗೆ ಹೇಳಬೇಕು, ಇಷ್ಟೇ ಅವರ ವಿದ್ಯುತ್ ಜ್ಞಾನ. ಇನ್‌ಕ್ವಾಯರಿ ಅಂದರೆ ಕಾಲೊನಿಯ ಮೂಲೆಯಲ್ಲಿರುವ ರಿಪೇರಿ ಕಚೇರಿ. ಅಲ್ಲಿ ಹೋಗಿ ದೂರು ಬರೆಸಿದರೆ ಸಾಕು, ಪ್ಲಂಬರೋ ಬಡಗಿಯೋ ಬಂದು ಸರಿಮಾಡಿ ಹೋಗುತ್ತಿದ್ದ. ನಮ್ಮ ಕಡೆಯಿಂದ ಆಗಬೇಕಾದ್ದು ಚಹ ಕೊಡುವುದು ಮಾತ್ರ. ಮನೆ ನಡೆಸುವುದೆಂದರೆ ಇಷ್ಟೇ ಎಂದು ನಾನು ನೆಮ್ಮದಿಯಾಗಿದ್ದೆ.

ನಮ್ಮವರ ನಿವೃತ್ತಿ ಬಂತು. ಕ್ವಾರ್ಟರ್ಸ್ ಬಿಟ್ಟು ಗ್ರೇಟರ್ ನೋಯ್ಡಾದ ನಮ್ಮ ಸ್ವಂತ ಫ್ಲ್ಯಾಟಿಗೆ ಬಂದೆವು. ಕಟ್ಟಡ ಏಳಲು ಕಾದದ್ದು, ಕಾದು ಕಾದು ಆಸೆ ಬಿಟ್ಟದ್ದು, ಆಮೇಲೆ ಕೀಲಿಕೈ ಸಿಕ್ಕಿದ್ದು, ಇದೆಲ್ಲ ಈ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಕಟ್ಟಿದ ಮನೆಗೆ ಬಂದು ಇರುವ ಕಷ್ಟ ಹೇಳಲಿಲ್ಲ. ಮೊದಲ ವಾರವೇ ಅಡುಗೆಮನೆಯ ನಲ್ಲಿಯ ಹಿಡಿ ಕೈಗೆ ಬಂತು. ನೀರು ನುಗ್ಗಿತು. ನಾನು ಸೌಟಿನಿಂದ ತೂತು ಮುಚ್ಚಿಕೊಂಡು ಕೂಗಿದೆ. ನಮ್ಮವರು ಧಾವಿಸಿ ಬಂದು, ನೋಡಿ, ಚಪ್ಪಲಿ ಹಾಕಿಕೊಂಡರು. ಎಲ್ಲಿಗೆ ಎಂದು ಕೇಳಿದರೆ "ಕಂಪ್ಲೇಂಟ್ ಬರೆಸಿ ಬರ್ತೀನಿ" ಅಂದರು. ಬಾಗಿಲ ತನಕ ಹೋದ ಮೇಲೆ ಬರೆಸುವ ಜಾಗ ಇಪ್ಪತ್ತೈದು ಮೈಲಿ ಹಿಂದೆ ಉಳಿಯಿತೆಂದು ಅವರಿಗೆ ನೆನಪಾಯಿತು. ಮಗಳು ಅನಘಾ ಎದ್ದು ಬಂದು ಸಿಂಕಿನ ಕೆಳಗೆ ಬಗ್ಗಿ ಏನನ್ನೋ ತಿರುಗಿಸಿದಳು. ನೀರು ನಿಂತಿತು. ಪ್ರತಿ ನಲ್ಲಿಗೂ ಕೆಳಗೊಂದು ಪುಟ್ಟ ಕಾಕ್ ಇರುತ್ತದೆ, ಇಡೀ ಮನೆಗೆ ಒಂದು ಮೇನ್ ವಾಲ್ವ್ ಇರುತ್ತದೆ ಎಂಬ ಸಂಗತಿ ಅರವತ್ತರ ಹೊಸ್ತಿಲಲ್ಲಿದ್ದ ನಮಗಿಬ್ಬರಿಗೂ ಅಂದೇ ತಿಳಿದದ್ದು.

ಹೊಸ್ತಿಲೆಂದೆನಲ್ಲ, ಅದೇ ಈ ಮನೆಯಲ್ಲಿ ಇರಲಿಲ್ಲ. ಇಲ್ಲಿನ ಫ್ಲ್ಯಾಟುಗಳಲ್ಲಿ ಹೊರಗಿನ ಟೈಲ್ಸು ಹಾಗೆಯೇ ಒಳಗೆ ನಡೆದುಬರುತ್ತದೆ, ನಡುವೆ ಬಾಗಿಲೊಂದು ನಿಂತಿರುತ್ತದೆ ಅಷ್ಟೆ. ಸ್ವಂತ ಮನೆ ಅಂತ ಆಗಿ ಹೊಸ್ತಿಲಿಲ್ಲದಿದ್ದರೆ ಶುಕ್ರವಾರ ನಾನು ಅರಿಶಿನ ಹಚ್ಚುವುದು ಯಾವುದಕ್ಕೆ? ಬಡಗಿಯನ್ನು ಕರೆಸಿದೆ. ಎಡವಿ ಬೀಳುತ್ತೀರಿ ಮಾತಾಜಿ, ಯಾರೂ ಇದನ್ನು ಹಾಕಿಸುವುದಿಲ್ಲ ಎಂದು ಅವನು ಎರಡೆರಡು ಸಲ ಹೇಳಿದ. ನಾನು ಕೇಳಲಿಲ್ಲ. ಒಳ್ಳೆಯ ತೇಗದ ಪಟ್ಟಿ ತರಿಸಿ, ಟೈಲ್ಸಿಗೆ ಡ್ರಿಲ್ ಹಾಕಿಸಿ, ಉದ್ದುದ್ದ ತಿರುಪುಗಳಿಂದ ಭದ್ರವಾಗಿ ಕೂರಿಸಿದೆ. ಡ್ರಿಲ್ಲಿನ ಸದ್ದಿಗೆ ಎದುರು ಮನೆಯ ನಾಯಿ ಬೊಗಳಿತು. ಜೀವನದಲ್ಲಿ ಮೊದಲ ಸಲ ಗೋಡೆಯನ್ನಲ್ಲದಿದ್ದರೂ ನೆಲವನ್ನು ಕೊರೆಸುವ ಅಧಿಕಾರ ನನಗೆ ಬಂದಿತ್ತು, ಅಪ್ಪ ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಮೇಲೆ ಬಂದ ಶುಕ್ರವಾರಗಳ ಸಂತೋಷವನ್ನು ಏನು ಹೇಳಲಿ! ಬಕೆಟ್ಟಿನಲ್ಲಿ ನೀರು ತಂದು ಸುರಿಯುತ್ತಿದ್ದೆ. ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಹೊರಗೆ ಹರಿದದ್ದನ್ನು ಮಾಪಿನಿಂದ ಒರೆಸುತ್ತಿದ್ದೆ. ಒರೆಸಲು ನೀರು ಬಹಳ ಉಳಿಯುತ್ತಿರಲಿಲ್ಲ. ಮರ ಕುಡಿಯುತ್ತದೆ ಎಂದುಕೊಂಡಿದ್ದೆ.

ನಮ್ಮ ಕೆಳಗಿನ ಮನೆ ಕಮಲೇಶ್ ಜೀ ಅವರದು. ಬುಲಂದ್‌ಶಹರದ ಕಡೆಯ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು, ಗಂಡ ಇಲ್ಲ, ಮಗ ಸೊಸೆಯ ಜೊತೆ ಇದ್ದಾರೆ. ನಾವು ಬಂದ ದಿನ ಸಾಮಾನು ಬಿಚ್ಚುವ ಮೊದಲೇ ಮೂಲಂಗಿ ಪರಾಠ ಕಳಿಸಿದವರು. ಲಿಫ್ಟಿನಲ್ಲಿ ಸಿಕ್ಕರೆ ಮಹಡಿ ಬಂದರೂ ಗುಂಡಿ ಒತ್ತಿ ಹಿಡಿದು ಮಾತು ಮುಗಿಸಿಯೇ ಇಳಿಯುವವರು. ಅವರು ಒಂದು ಶನಿವಾರ ಮೇಲೆ ಬಂದು, ಕೂರಲೂ ಇಲ್ಲ, ಬಾಗಿಲಲ್ಲೇ ನಿಂತು "ಭಾಭೀ, ಊಪರ್ ಸೇ ಪಾನೀ ಆ ರಹಾ ಹೈ" ಅಂದರು, ಮೇಲಿನಿಂದ ನೀರು ಇಳಿಯುತ್ತಿದೆ ಅಂತ.

ಕೆಳಗೆ ಹೋಗಿ ನೋಡಿದೆವು. ಅವರ ಬಾಗಿಲಿನ ಒಳಗಡೆ, ಚಾವಣಿಯ ದೀಪದ ಸುತ್ತ, ಊಟದ ತಟ್ಟೆಯಷ್ಟಗಲ ಕಲೆ. ಅಂಚು ಕೆಂಪಗೆ. ಕೆಳಗೊಂದು ಬಕೆಟ್ ಇಟ್ಟಿದ್ದರು. ದೀಪಕ್ಕೆ ನೀರು ತಗಲಿ ಶಾರ್ಟ್ ಆದರೆ ಗತಿ ಏನು ಎಂದು ಆ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಾಕಿದ್ದರು. ಹೊಸದಾಗಿ ಬಣ್ಣ ಹೊಡೆಸಿದ ಮನೆ. ನಮಗೆ ಅವಮಾನದಿಂದ ತಲೆ ಎತ್ತಲಾಗಲಿಲ್ಲ, ಆದರೆ ಕಲೆ ನೋಡಲು ಎತ್ತಲೇಬೇಕಾಗಿತ್ತು.

ಸೊಸೈಟಿಯ ಆಫೀಸಿನವರು ಫ್ಲ್ಯಾಟಿನ ಒಳಗಿನ ಪೈಪು ಮಾಲೀಕರ ಜವಾಬ್ದಾರಿ ಎಂದರು. ಮಾಲೀಕರು ಅಂದರೆ ನಾವೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪ್ಲಂಬರ್ ಬಂದ. ಕಲೆ ನೋಡಿದ, ಮೇಲೆ ಬಂದ, ಬಾಗಿಲ ಪಕ್ಕದಲ್ಲೇ ಇರುವ ನಮ್ಮ ಬಚ್ಚಲಮನೆ ನೋಡಿದ. ಕೆಂಪಗಿರುವುದು ಜಂಗು, ಎಂದರೆ ತುಕ್ಕು, ಒಳಗಿನ ಪೈಪು ತುಕ್ಕು ಹಿಡಿದು ಸೋರುತ್ತಿದೆ, ನೆಲ ಒಡೆಯಬೇಕು ಎಂದ. ಸೋಮವಾರ ಕೈತುಂಬ ಕೆಲಸವಿದೆ, ಅದರ ಮುಂದಿನ ಸೋಮವಾರ ಬರುತ್ತೇನೆ, ಅಲ್ಲಿಯವರೆಗೆ ಬಚ್ಚಲಮನೆ ಬಳಸಬೇಡಿ ಎಂದು ಹೇಳಿ ಹೋದ.

ನಿಮಗೆ ಇದು ಬರೀ ಬಚ್ಚಲು ಅನ್ನಿಸಬಹುದು. ಈ ಮನೆಯಲ್ಲಿ ಉಳಿದದ್ದೆಲ್ಲ ಕಟ್ಟಿದವರು ಕೊಟ್ಟಂತೆ ತೆಗೆದುಕೊಂಡದ್ದು. ಬಚ್ಚಲಮನೆಯ ನೆಲ ಒಂದನ್ನು ಮಾತ್ರ ನಾನು ಆರಿಸಿದ್ದೆ. ಅಂಗಡಿ ಅಂಗಡಿ ಸುತ್ತಿ, ಅರಸೀಕೆರೆಯ ನಮ್ಮ ಬಚ್ಚಲ ಕಲ್ಲಿನ ಬಣ್ಣದ, ಕಾಲು ಜಾರದ, ಸ್ವಲ್ಪ ತರಿತರಿಯಾದ ಟೈಲ್ಸು ಹುಡುಕಿ ಹಾಕಿಸಿದ್ದೆ. ಆ ಬಗೆಯದು ಈಗ ಬರುವುದೇ ನಿಂತಿದೆಯಂತೆ. ಒಡೆದರೆ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮನೆಗೆ ಬಂದು ವರ್ಷ ತುಂಬುವ ಮೊದಲೇ ಸುತ್ತಿಗೆ ಏಟು ಬೀಳುವುದೆಂದರೆ, ಈ ಜನಕ್ಕೆ ಸ್ವಂತ ಮನೆ ಆಗಿಬರುವುದಿಲ್ಲ ಎಂದು ಯಾರೋ ಹೇಳಿದ ಹಾಗೆ ನನಗೆ ಕೇಳಿಸುತ್ತಿತ್ತು. ನಮ್ಮವರು ಒಂದು ಸಂಜೆ ಬಾಲ್ಕನಿಯಲ್ಲಿ ಕೂತು, ಬಾಡಿಗೆ ಮನೆಯೇ ಆಗಿದ್ದರೆ ಇಷ್ಟು ಹೊತ್ತಿಗೆ ಬದಲಾಯಿಸಬಹುದಿತ್ತು ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಕಮಲೇಶ್ ಜೀ ಲಿಫ್ಟಿನಲ್ಲಿ ನಮಸ್ತೆ ಅಂದು ಮಹಡಿಯ ಅಂಕಿಗಳನ್ನು ನೋಡುತ್ತ ನಿಲ್ಲುವುದಕ್ಕೆ ಶುರುಮಾಡಿದ್ದರು. ಅದು ನನಗೆ ಎಲ್ಲಕ್ಕಿಂತ ಚುಚ್ಚಿತು.

ಹೀಗಿರುವಾಗ ಇನ್ನೊಂದು ಬಚ್ಚಲಿನ ನಲ್ಲಿ ಬುಡದಲ್ಲಿ ಸೋರಲಾರಂಭಿಸಿತು. ಪ್ಲಂಬರನನ್ನು ಕರೆದರೆ ಅದನ್ನೂ ಒಡೆಯುತ್ತಾನೇನೋ ಎಂಬ ಭಯ. ಅನಘಾಳ ಫೋನಿನಲ್ಲಿ ಎಲ್ಲಕ್ಕೂ ವೀಡಿಯೋ ಇರುತ್ತದೆ. ಅವಳು ಗುರ್‌ಗಾಂವ್ ಆಫೀಸಿಗೆ ಹೋಗುವ ಮುನ್ನ ನನ್ನ ಕೈಗೆ ತಿರುಪು ಬಿಗಿಸುವ ಒಂದು ಪಾನಾ, ಒಂದು ಟೇಪಿನ ಸುರುಳಿ ಕೊಟ್ಟು, ಮೇನ್ ವಾಲ್ವ್ ಬಂದ್ ಮಾಡಿ, ನಲ್ಲಿ ಬಿಚ್ಚಿಸಿದಳು. ನಾನು ಹೂವಿನ ದಂಡೆ ಕಟ್ಟುವ ಶ್ರದ್ಧೆಯಿಂದ ಟೇಪು ಸುತ್ತಿದೆ. ನಲ್ಲಿ ತಿರುಗಿಸಿದ ಕೂಡಲೇ ಟೇಪೆಲ್ಲ ಬಿಚ್ಚಿಕೊಂಡು ಹೊರಗೆ ಬಂತು.

"ಅಮ್ಮ, ಉಲ್ಟಾ ಸುತ್ತಿದೀಯ. ಚೂಡಿ ಯಾವ್ ಕಡೆ ಟೈಟ್ ಆಗತ್ತೋ ಅದೇ ಕಡೆ ಸುತ್ಬೇಕು, ಸಮ್‌ಝೀ?"

ನಲ್ಲಿಯ ತಿರುಪಿನ ಎಳೆಗೆ ಚೂಡಿ ಎನ್ನುವುದು ಇಲ್ಲಿನ ಮಾತು. ಇನ್ನೊಮ್ಮೆ ಸುತ್ತಿದೆ. ಈ ಸಲ ಬಿಗಿಯಾಗಿ ಕೂತಿತು. ವಾಲ್ವ್ ತೆರೆದು ಒಣಗಿದ ಬೆರಳಿನಿಂದ ಬುಡ ಮುಟ್ಟಿ ನೋಡಿದೆ. ಹನಿ ಇಲ್ಲ. ನನ್ನ ಮದುವೆಯ ದಿನ ಕೂಡ ನಾನು ನನ್ನನ್ನು ಅಷ್ಟು ಮೆಚ್ಚಿಕೊಂಡಿರಲಿಲ್ಲ. ಮಗಳು ಹೋದ ಮೇಲೂ ಅಲ್ಲೇ ಕೂತು ನಲ್ಲಿಯನ್ನು ನೋಡುತ್ತಿದ್ದೆ. ಆಗ ತಲೆಗೆ ಬಂತು, ಬಿಚ್ಚಿದಾಗ ಗೋಡೆಯೊಳಗೆ ಕಂಡದ್ದು ಬೆಳ್ಳನೆಯ ಪ್ಲಾಸ್ಟಿಕ್ ಪೈಪು. ಪ್ಲಾಸ್ಟಿಕ್ಕಿಗೆ ತುಕ್ಕು ಹೇಗೆ ಹಿಡಿಯುತ್ತದೆ?

ಫೋನು ಮಾಡಿ ಪ್ಲಂಬರನನ್ನು ಕೇಳಿದೆ, ಗೆದ್ದ ದನಿಯಲ್ಲಿ. ಹಾಗಾದರೆ ತುಕ್ಕು ಹಿಡಿದಿರುವುದು ‘ಸರಿಯಾ’ಕ್ಕೆ ಎಂದ. ಸರಿಯಾ ಅಂದರೆ ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು. ಪೈಪಿನ ಜೋಡಣೆಯಲ್ಲಿ ನೀರು ಸೋರಿ ಸರಳಿಗೇ ಹೋಗಿದೆ, ಇನ್ನು ತಡಮಾಡಬಾರದು ಎಂದ. ಬಾಯಿ ಮುಚ್ಚಿಕೊಂಡಿದ್ದರೆ ಬಚ್ಚಲ ನೆಲ ಮಾತ್ರ ಹೋಗುತ್ತಿತ್ತು, ಕೇಳಿದ್ದಕ್ಕೆ ಕಟ್ಟಡವೇ ಅಲುಗಾಡಿತು. ಸಂಜೆ ವಾಕಿಂಗ್ ಹೋಗುವ ನಮ್ಮವರ ಗೆಳೆಯರೆಲ್ಲ ಸರಿಯಾ ತುಕ್ಕು ಹಿಡಿದು ಎಲ್ಲೆಲ್ಲಿ ಏನೇನು ಉದುರಿತು ಎಂದು ಹೇಳಿ ಕಳಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅಂದಿನಿಂದ ನಮ್ಮವರು ಬಚ್ಚಲಮನೆಯ ಮುಂದೆ ತುದಿಗಾಲಿನಲ್ಲಿ ನಡೆಯತೊಡಗಿದರು.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಬಣ್ಣದ ನೀರಿನ ಪರೀಕ್ಷೆ ಅವರದೇ ಯೋಚನೆ. ಬಚ್ಚಲ ನೀರು ಹೋಗುವ ಜಾಲಿಗೆ ಬಟ್ಟೆ ತುರುಕಿ, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ನೀರು ನಿಲ್ಲಿಸೋಣ, ಕೆಳಗೆ ನೀಲಿ ಇಳಿದರೆ ತಪ್ಪು ಬಚ್ಚಲಿನದು ಎಂದರು. ನೀಲಿ ಕಲಸಿದೆವು. ಒಂದು ಹಗಲು, ಒಂದು ರಾತ್ರಿ ನಮ್ಮ ಬಚ್ಚಲು ಪುಟ್ಟ ಸಮುದ್ರವಾಗಿ ನಿಂತಿತ್ತು. ಕಮಲೇಶ್ ಜೀ ಮನೆಯಲ್ಲಿ ನೀಲಿಯ ಸುಳಿವಿಲ್ಲ. ಕಲೆ ಒಣಗಿಯೇ ಇತ್ತು. ಪ್ಲಂಬರನಿಗೆ ಹೇಳಿದರೆ, ನೀರು ದಾರಿ ಹುಡುಕಲು ಸಮಯ ಬೇಕು, ಸೋಮವಾರ ಬರುತ್ತೇನೆ ಎಂದ. ಅವನ ಮಾತನ್ನು ತಳ್ಳಿಹಾಕುವಷ್ಟು ವಿದ್ಯೆ ನಮಗಿರಲಿಲ್ಲ. ನೀಲಿ ನೀರು ಬಿಟ್ಟು, ಬಚ್ಚಲು ಒರೆಸಿ, ಬಾಗಿಲಿಗೆ ಚಿಲಕ ಹಾಕಿದೆವು.

ಶುಕ್ರವಾರ ಬಂತು. ಮನಸ್ಸು ಕೆಟ್ಟಿತ್ತು. ಮನಸ್ಸು ಕೆಟ್ಟಾಗ ನಾನು ತೊಳೆಯುವುದು ಜಾಸ್ತಿ. ಎರಡು ಬಕೆಟ್ ನೀರು ಸುರಿದು, ದೇವರೇ, ಸೋಮವಾರ ಹೇಗಾದರೂ ಕಳೆಯಲಿ ಎಂದು ಬೇಡಿಕೊಂಡು ಹೊಸ್ತಿಲು ತಿಕ್ಕಿದೆ. ಧಾರಾಳವಾಗಿ ಅರಿಶಿನ ಬಳಿದೆ. ಹೂವಿಟ್ಟು ಒಳಗೆ ಬಂದು ಕಾಫಿಗೆ ನೀರಿಡುವಷ್ಟರಲ್ಲಿ ಫೋನು ಬಂತು. ಕಮಲೇಶ್ ಜೀ. ತೊಟ್ಟಿಕ್ಕಲು ಶುರುವಾಗಿದೆ, ಬಚ್ಚಲು ಬಳಸಿದಿರಾ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಾಕಾಗಿತ್ತು.

ನಾನು ಅದೇ ಒದ್ದೆ ಸೆರಗಿನಲ್ಲಿ ಕೆಳಗೆ ಓಡಿದೆ. ಬಚ್ಚಲಿಗೆ ಚಿಲಕ ಹಾಕಿ ದಿನಗಳಾದವು, ಆಣೆ ಇಡುತ್ತೇನೆ ಎಂದೆ. ಅವರು ಮೇಲೆ ತೋರಿಸಿದರು. ದೀಪದ ಪಕ್ಕದಿಂದ ಹನಿ ಬೀಳುತ್ತಿತ್ತು. ನಾನು ಯೋಚಿಸದೆ ಅಂಗೈ ಒಡ್ಡಿದೆ. ಅಂಗೈಯಲ್ಲಿ ಒಂದು ಹನಿ, ಇನ್ನೊಂದು ಹನಿ. ಕೆಂಪು ನೀರು. ತುಕ್ಕಿನ ಕೆಂಪಲ್ಲ. ಈ ಕೆಂಪನ್ನು ನಾನು ಎಲ್ಲೋ ನೋಡಿದ್ದೆ, ಒಂದು ಸಲವಲ್ಲ, ನೂರಾರು ಸಲ. ಆರತಿ ತಟ್ಟೆಯಲ್ಲಿ. ಮದುಮಕ್ಕಳ ಮುಂದೆ, ಬಾಣಂತಿಯ ಮುಂದೆ, ಊರಿನಿಂದ ಬಂದವರ ಮುಂದೆ ನಿವಾಳಿಸಿ ಚೆಲ್ಲುವ ಓಕುಳಿ.

ಓಕುಳಿಗೆ ನಾವು ಏನು ಹಾಕುತ್ತೇವೆ? ಅರಿಶಿನ, ಅದಕ್ಕೆ ಚಿಟಿಕೆ ಸುಣ್ಣ. ಸುಣ್ಣ ಸೋಕಿದೊಡನೆ ಹಳದಿ ನೀರು ಕೆಂಪಾಗುತ್ತದೆ. ಅರಿಶಿನವನ್ನು ಮೇಲೆ ನಾನು ಸುರಿದಿದ್ದೆ. ಸುಣ್ಣಕ್ಕೇನು ಬರ, ನಡುವೆ ಇರುವುದೆಲ್ಲ ಸಿಮೆಂಟು. ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಕಮಲೇಶ್ ಜೀ ಬಾಗಿಲಿನ ನೇರ ಮೇಲೆ ನಮ್ಮ ಬಾಗಿಲು. ನಮ್ಮ ಬಾಗಿಲಲ್ಲಿ ನನ್ನ ತೇಗದ ಹೊಸ್ತಿಲು. ಹೊಸ್ತಿಲ ಕೆಳಗೆ ನಾನೇ ಮುಂದೆ ನಿಂತು ಕೊರೆಸಿದ ತಿರುಪಿನ ತೂತುಗಳು. ನೀರು ಆ ತೂತುಗಳಲ್ಲಿ ಇಳಿದು, ಟೈಲ್ಸಿನ ಕೆಳಗೆ ಹರಿದು, ದೀಪದ ವೈರು ಬರುವ ದಾರಿ ಹಿಡಿದು ಕೆಳಗಿನ ಮನೆಗೆ ಹೋಗುತ್ತಿತ್ತು. ಮರ ಕುಡಿಯುತ್ತದೆಯಂತೆ, ಮರ!

"ಕಮಲೇಶ್ ಜೀ, ನಿಂಬೂ ಹೈ?" ಎಂದೆ.

ಅವರು ನನ್ನ ತಲೆ ಕೆಟ್ಟಿತೆಂದೇ ತಿಳಿದಿರಬೇಕು, ಆದರೂ ಒಂದು ಹೋಳು ತಂದುಕೊಟ್ಟರು. ದೀಪದ ಮೇನ್ ಆಫ್ ಮಾಡಿಸಿ ಸ್ಟೂಲು ಹತ್ತಿ ಕಲೆಯ ಅಂಚಿಗೆ ನಿಂಬೆಹೋಳು ಉಜ್ಜಿದೆ. ಕೆಂಪು ಕರಗಿ ಹಳದಿಯಾಯಿತು. ನಾನು ಸ್ಟೂಲಿನ ಮೇಲಿಂದಲೇ ಅವರ ಮುಖ ನೋಡಿದೆ. ಬಟ್ಟೆಗೆ ಬಿದ್ದ ಅರಿಶಿನ ಸೋಪಿಗೆ ಕೆಂಪಾಗಿ, ಹುಳಿಗೆ ಮತ್ತೆ ಹಳದಿಯಾಗುವುದನ್ನು ಕಾಣದ ಹೆಂಗಸು ಯಾವ ಊರಿನಲ್ಲಿದ್ದಾಳೆ?

"ಯೇ ತೋ ಹಲ್ದೀ ಹೈ" ಎಂದರು ಅವರು, ನಿಧಾನವಾಗಿ.

ಹೌದು, ಹಲ್ದಿ, ನನ್ನದೇ ಅರಿಶಿನ, ಪ್ರತಿ ಶುಕ್ರವಾರದ್ದು ಎಂದು ಇಳಿದು ಎಲ್ಲ ಹೇಳಿದೆ. ನಾಚಿಕೆಯಾಗಬೇಕಿತ್ತು. ನಾಚಿಕೆಗೆ ಮುಂಚೆ ಸಂತೋಷವೇ ನುಗ್ಗಿ ಬಂತು. ಪೈಪು ಒಡೆದಿಲ್ಲ, ಸರಳು ತುಕ್ಕು ಹಿಡಿದಿಲ್ಲ, ಕಟ್ಟಡ ಬೀಳುವುದಿಲ್ಲ, ನನ್ನ ಬಚ್ಚಲ ನೆಲವನ್ನು ಯಾರೂ ಮುಟ್ಟಬೇಕಾಗಿಲ್ಲ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಕಮಲೇಶ್ ಜೀ ನನ್ನನ್ನು ಸೋಫಾದ ಮೇಲೆ ಕೂರಿಸಿ ನೀರು ಕೊಟ್ಟರು. ಆಮೇಲೆ ಅವರಿಗೆ ನಗು ಶುರುವಾಯಿತು. ಹಣೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು ನಕ್ಕರು. ಇಷ್ಟು ದಿನ ಲಕ್ಷ್ಮಿ ನಿಮ್ಮ ಬಾಗಿಲಿಗೆ ಬಂದು ನಮ್ಮ ಮನೆಗೆ ಇಳಿದುಹೋಗುತ್ತಿದ್ದಳು, ನಾವು ಅವಳಿಗೆ ಬಕೆಟ್ ಇಟ್ಟೆವಲ್ಲ ಎಂದರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಗಾದೆ ಇದೆಯಲ್ಲ, ಸುತ್ತಿಗೆ ತಪ್ಪಿದರೂ ಅಷ್ಟೇ ಎಂದು ನಾನು ಸೇರಿಸುತ್ತೇನೆ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಮೊದಲು ತಮ್ಮ ನೀಲಿ ಪರೀಕ್ಷೆ ಸರಿಯಾಗಿತ್ತು ಎಂದು ನೆನಪಿಸಿದರು, ಅದರ ನಂತರ ನಕ್ಕರು, ಬಾಡಿಗೆ ಮನೆಯ ಮಾತನ್ನು ಮತ್ತೆ ಎತ್ತಲಿಲ್ಲ. ಸೋಮವಾರ ಪ್ಲಂಬರ್ ಸುತ್ತಿಗೆ ಉಳಿ ಹಿಡಿದು ಬಂದವನು ಚಹ ಕುಡಿದು ಹಿಂದಿರುಗಿದ. ಬಡಗಿ ಬಂದು ಹೊಸ್ತಿಲು ಎತ್ತಿ ತಿರುಪು ತೆಗೆದ. ತೂತುಗಳನ್ನು ಮುಚ್ಚಿದ್ದು ನಾನೇ. ಅನಘಾ ತಂದುಕೊಟ್ಟ ಸಿಲಿಕೋನಿನ ಟ್ಯೂಬನ್ನು ಅವು ಚೆನ್ನಾಗಿ ಒಣಗಿದ ಮೇಲೆ ಒತ್ತಿ ತುಂಬಿದೆ, ಬೆರಳಿಗೆ ಸೋಪುನೀರು ಮಾಡಿಕೊಂಡು ನೀವಿದೆ. ಹೊಸ್ತಿಲು ಈಗ ತಿರುಪಿಲ್ಲದೆ ಅಂಟಿನ ಮೇಲೆ ಕೂತಿದೆ. ಅವರೆಲ್ಲ ಹೋದ ಮೇಲೆ ಬಚ್ಚಲಮನೆಯ ಚಿಲಕ ತೆಗೆದು ಒಳಗೆ ಹೋಗಿ, ಬರಿಗಾಲಲ್ಲಿ ನನ್ನ ತರಿತರಿ ನೆಲದ ಮೇಲೆ ನಿಂತು, ಬೇಕೆಂದೇ ಚೊಂಬು ಚೊಂಬು ನೀರು ಸುರಿದೆ. ಅದು ಗುಳುಗುಳು ಅಂದು ಜಾಲಿಯಲ್ಲಿ ಇಳಿದುಹೋಗುವುದನ್ನು ಕೇಳಿಸಿಕೊಂಡೆ. ಹೋದ ಜೀವ ಬಂದಂತಾಯಿತು.

ಅಮ್ಮನ ಮಾತಿನ ಇನ್ನರ್ಧ ನನಗೆ ತಲೆಗೆ ಹೋದದ್ದು ಅಲ್ಲಿ ನಿಂತಾಗಲೇ. ಅವಳು ನೀರು ಸುರಿದು ಒಳಗೆ ಬರುತ್ತಿರಲಿಲ್ಲ, ಕಡ್ಡಿ ಹಿಡಿದು ಅದು ಗಿಡ ಮುಟ್ಟುವವರೆಗೂ ನಿಂತಿರುತ್ತಿದ್ದಳು. ನಾನು ಸುರಿಯುವುದನ್ನು ಕಲಿತೆ, ನಿಲ್ಲುವುದನ್ನು ಕಲಿಯಲಿಲ್ಲ. ಹುಟ್ಟಿದಾಗಿನಿಂದ ನನ್ನ ಹೊಸ್ತಿಲ ಕೆಳಗೆ ಮಣ್ಣೇ ಇತ್ತು. ಈಗ ಅಲ್ಲೊಂದು ಮನೆ ಇದೆ, ಆ ಮನೆಯಲ್ಲಿ ಜನ ಇದ್ದಾರೆ ಎಂಬುದು ನನ್ನ ಕೈಗೆ ತಿಳಿದೇ ಇರಲಿಲ್ಲ. ಹೊಸ ಮನೆಗೆ ಹೋಗುವವರು ಯಾರಾದರೂ ನನ್ನನ್ನು ಈಗ ಬುದ್ಧಿ ಕೇಳಿದರೆ ಮೇನ್ ವಾಲ್ವ್ ಎಲ್ಲಿದೆ ನೋಡಿಟ್ಟುಕೊಳ್ಳಿ ಅನ್ನುತ್ತೇನೆ, ಟೇಪನ್ನು ಉಲ್ಟಾ ಸುತ್ತಬೇಡಿ ಅನ್ನುತ್ತೇನೆ, ಸುರಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಸ್ವಲ್ಪ ಹೊತ್ತು ನಿಂತು ನೋಡಿ ಅನ್ನುತ್ತೇನೆ. ಕೇಳುವವರು ಇನ್ನೂ ಯಾರೂ ಸಿಕ್ಕಿಲ್ಲ, ಆ ಮೆಟ್ರೋ ಹುಡುಗಿಯೊಬ್ಬಳನ್ನು ಬಿಟ್ಟು.

ಮುಂದಿನ ಶುಕ್ರವಾರ ನಾನು ಬಕೆಟ್ ಮುಟ್ಟಲಿಲ್ಲ. ಬಟ್ಟೆಯನ್ನು ಹಿಂಡಿ ಹೊಸ್ತಿಲು ಒರೆಸುತ್ತ ಕೂತಿದ್ದೆ. ಏನೋ ಕಳೆದುಕೊಂಡ ಹಾಗೆ ಇತ್ತು, ಸುಳ್ಳೇಕೆ ಹೇಳಲಿ. ಲಿಫ್ಟಿನ ಬಾಗಿಲು ತೆರೆಯಿತು. ಕಮಲೇಶ್ ಜೀ ಎರಡು ಕೈಯಲ್ಲೂ ಒಂದು ಕುಂಡ ತಬ್ಬಿಕೊಂಡು ಬಂದರು. ಮಣ್ಣು ತುಂಬಿತ್ತು, ಅದರಲ್ಲಿ ಮೊಣಕೈ ಎತ್ತರದ ಗಿಡ. ಅರಸೀಕೆರೆಯ ವಿಷಯವಾಗಲಿ ಅಮ್ಮನ ವಿಷಯವಾಗಲಿ ನಾನು ಅವರಿಗೆ ಹೇಳಿದವಳಲ್ಲ. ಅವರು ಕುಂಡವನ್ನು ನನ್ನ ಹೊಸ್ತಿಲ ಪಕ್ಕದಲ್ಲಿ ಇಳಿಸಿ, ಕೆಳಗೊಂದು ತಟ್ಟೆ ಸರಿಸಿ, ಸೊಂಟ ನೀವಿಕೊಂಡರು.

"ಪಾನೀ ಗಿರಾನೇ ಕಾ ಇತನಾ ಶೌಕ್ ಹೈ ತೋ ಭಾಭೀ, ಇಸ್‌ಮೇ ಗಿರಾಓ" ಎಂದರು, ನೀರು ಸುರಿಯುವ ಆಸೆ ಅಷ್ಟಿದ್ದರೆ ಇದಕ್ಕೇ ಸುರಿಯಿರಿ ಅಂತ.

ನಾನು ಬಗ್ಗಿ ಎಲೆ ಮುಟ್ಟಿ ನೋಡಿದೆ. ದಾಸವಾಳ. ಕೈಯಲ್ಲಿದ್ದ ಬಟ್ಟೆಯನ್ನು ಅದರ ಬುಡಕ್ಕೆ ಹಿಂಡಿದೆ. ಹಳದಿ ನೀರು ಮಣ್ಣಿಗೆ ಇಳಿಯಿತು. ಇಬ್ಬರೂ ಅದು ಪೂರ್ತಿ ಇಳಿಯುವವರೆಗೆ ಅಲ್ಲೇ ನಿಂತಿದ್ದೆವು.